ಕಣ್ಣು ಬಿಡದ ಬೆಕ್ಕಿನ ಮರಿ ಸಿಕ್ಕಾಗ ಯಾವ ದಾರಿ ಹಿಡಿಯಬೇಕು?

ಮಳೆ ಹಿಡಿಯುವ ಹೊತ್ತಿಗೆ ಈ ಪ್ರಶ್ನೆ ಬಂದೇ ಬರುತ್ತದೆ. "ಸೌದೆ ರಾಶಿ ಹಿಂದೆ ಮೂರು ಮರಿ ಸಿಕ್ಕಿವೆ, ಇನ್ನೂ ಕಣ್ಣು ಬಿಟ್ಟಿಲ್ಲ, ತಾಯಿ ಕಾಣ್ತಿಲ್ಲ. ಹಸುವಿನ ಹಾಲು ಕೊಡಬಹುದಾ? ಪುಡಿ ತರಿಸಬೇಕಾ? ನಮ್ಮ ಕೈಲಿ ಆಗುತ್ತಾ, ಇಲ್ಲ ಯಾರಿಗಾದರೂ ಕೊಟ್ಟುಬಿಡೋದಾ?" ಹೀಗೆ ಕೇಳುವವರು ಮರಿಗಳನ್ನು ಆಗಲೇ ಮಡಿಲಲ್ಲಿ ಇಟ್ಟುಕೊಂಡಿರುತ್ತಾರೆ. ಯೋಚಿಸಲು ಅವರಿಗೆ ಜಾಸ್ತಿ ಸಮಯ ಇರುವುದಿಲ್ಲ.

ಎಲ್ಲರೂ ಮೊದಲು ಹಾಲಿನ ಬಗ್ಗೆಯೇ ಕೇಳುತ್ತಾರೆ. ನನ್ನ ಮಟ್ಟಿಗೆ ಹಾಲಿಗೆ ಮೂರನೇ ಸ್ಥಾನ. ಮೊದಲು ಬೇಕಾದದ್ದು ಬಿಸುಪು. ಆಮೇಲೆ ರಾತ್ರಿ ಎದ್ದು ನೋಡಿಕೊಳ್ಳುವ ಒಬ್ಬ ಮನುಷ್ಯ. ಇವೆರಡೂ ಸರಿಯಿದ್ದರೆ ಮಾತ್ರ ಒಳ್ಳೆಯ ಹಾಲು ಕೆಲಸ ಮಾಡುತ್ತದೆ.

ನಿರ್ಧಾರಕ್ಕೆ ಮುಂಚೆ

ಮರಿಯ ವಯಸ್ಸು ಎಷ್ಟಿರಬಹುದು ಎಂದು ಅಂದಾಜು ಮಾಡಿ. ಹೊಕ್ಕುಳಬಳ್ಳಿಯ ಒಣ ತುಂಡು ಇನ್ನೂ ಹೊಟ್ಟೆಗೆ ಅಂಟಿಕೊಂಡಿದ್ದರೆ ಹುಟ್ಟಿ ನಾಲ್ಕೈದು ದಿನ ಆಗಿರಬಹುದು, ಅಷ್ಟೇ. ಕಣ್ಣು ಪೂರ್ತಿ ಮುಚ್ಚಿ, ಕಿವಿ ಮಡಚಿಕೊಂಡು ತಲೆಗೆ ಅಂಟಿದ್ದರೆ ಮೊದಲ ವಾರ. ಸಾಮಾನ್ಯವಾಗಿ 8ರಿಂದ 12 ದಿನದೊಳಗೆ ಕಣ್ಣು ಬಿಡುತ್ತವೆ. ಮೂರನೇ ವಾರಕ್ಕೆ ಕಿವಿ ನಿಲ್ಲುತ್ತದೆ, ಮುಂಭಾಗದ ಪುಟ್ಟ ಹಲ್ಲು ಬೆರಳಿಗೆ ಒರಟಾಗಿ ತಗಲುತ್ತದೆ, ಮರಿ ತೂರಾಡುತ್ತ ನಡೆಯುತ್ತದೆ. ಹುಟ್ಟಿದಾಗ ತೂಕ 100 ಗ್ರಾಂ ಆಸುಪಾಸು. ಆಮೇಲೆ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು.

ನಿಮಗೆ ಎಷ್ಟು ಪುರುಸೊತ್ತು ಬೇಕು ಎನ್ನುವುದು ಈ ವಯಸ್ಸಿನ ಮೇಲೆ ನಿಲ್ಲುತ್ತದೆ. ಮೊದಲ ವಾರ ಹಗಲು ರಾತ್ರಿ ಎನ್ನದೆ ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು. ಎರಡನೇ ವಾರ ಮೂರು ನಾಲ್ಕು ಗಂಟೆಗೊಮ್ಮೆ, ಮೂರನೇ ವಾರ ನಾಲ್ಕೈದು ಗಂಟೆಗೊಮ್ಮೆ. ನಾಲ್ಕನೇ ವಾರದಲ್ಲಿ ಐದಾರು ಗಂಟೆ ಬಿಡಬಹುದು. ಪ್ರತಿ ಸಲ ಕುಡಿಸಿ, ಒರೆಸಿ, ಉಚ್ಚೆ ಮಾಡಿಸಿ ಮಲಗಿಸಲು ಒಂದು ಮರಿಗೆ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಮೂರು ಮರಿ ಇದ್ದರೆ ನೀವೇ ಲೆಕ್ಕ ಹಾಕಿ.

ಹಣದ ಲೆಕ್ಕ ಹೀಗೆ. 100 ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 20 ಮಿ.ಲೀ. ಹಾಲು ಬೇಕು. ಮರಿ ಬೆಳೆದಂತೆ ಹೆಚ್ಚುತ್ತಾ ಹೋಗಿ ನಾಲ್ಕು ವಾರಕ್ಕೆ ಒಂದು ಮರಿಗೆ ಒಟ್ಟು ಒಂದೂವರೆ ಲೀಟರಿನಷ್ಟು ಆಗುತ್ತದೆ. ಮರಿಗಳ ಹಾಲಿನ ಪುಡಿಯಾದರೆ 300 ಗ್ರಾಂ ಚಿಲ್ಲರೆಯ ಒಂದು ಡಬ್ಬ ಬೇಕು ಅಂದುಕೊಳ್ಳಿ. ಡಬ್ಬದ ಬೆಲೆ ಸಾವಿರ ದಾಟುತ್ತದೆ. ಇದರ ಮೇಲೆ ಡಾಕ್ಟರ ಖರ್ಚು.

ಮನೆಯಲ್ಲಿ ಬೇರೆ ಬೆಕ್ಕು ಇದ್ದರೆ ಅದಕ್ಕೆ ಲಸಿಕೆ ಆಗಿದೆಯಾ ನೋಡಿ. ಬೀದಿಯಿಂದ ಬಂದ ಮರಿ ಪ್ಯಾನ್‌ಲ್ಯುಕೋಪೀನಿಯಾ ಎಂಬ ವಾಂತಿಭೇದಿ ರೋಗವನ್ನು ತರಬಹುದು. ಮರಿಗಳಲ್ಲಿ ಅದು ತುಂಬಾ ಸಲ ಸಾವಿನಲ್ಲೇ ಮುಗಿಯುತ್ತದೆ. ಕನಿಷ್ಠ ಎರಡು ವಾರ ಬೇರೆ ಕೋಣೆ, ಬೇರೆ ಬಟ್ಟೆ, ಮುಟ್ಟಿದ ಮೇಲೆ ಸೋಪು ಹಾಕಿ ಕೈತೊಳೆಯುವುದು, ಇಷ್ಟು ಸಾಧ್ಯವಾಗಬೇಕು.

ದಾರಿ ಒಂದು: ತಾಯಿಗೇ ಬಿಡುವುದು

ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಖರ್ಚೂ ಇಲ್ಲ. ಆದರೂ ಜನ ಅವಸರದಲ್ಲಿ ಬಿಟ್ಟುಬಿಡುವುದು ಇದನ್ನೇ.

ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅಂತಾರಲ್ಲ, ಆ ಮಾತಿನಲ್ಲಿ ನಿಜ ಇದೆ. ಜಾಗ ಬದಲಿಸುವಾಗ ಅದು ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುತ್ತದೆ. ನಡುವೆ ಒಂದೆರಡು ಮರಿ ಒಂಟಿಯಾಗಿ ಉಳಿದಿರುತ್ತವೆ. ನಾವು ಅದನ್ನು ನೋಡಿ ಬಿಟ್ಟುಹೋದ ಮರಿ ಅಂದುಕೊಂಡು ಎತ್ತಿಕೊಂಡು ಬರುತ್ತೇವೆ. ಮರಿ ಬೆಚ್ಚಗಿದೆ, ಹೊಟ್ಟೆ ದುಂಡಗಿದೆ, ಮೈ ಶುಚಿಯಾಗಿದೆ, ಗಲಾಟೆ ಮಾಡದೆ ಮಲಗಿದೆ ಅಂದರೆ ತಾಯಿ ಹತ್ತಿರದಲ್ಲೇ ಇದ್ದಾಳೆ. ನೀವು ಅಲ್ಲೇ ನಿಂತಿದ್ದರೆ ಅವಳು ಬರುವುದಿಲ್ಲ. ದೂರ ಹೋಗಿ, ಕೆಲವು ಗಂಟೆ ಬಿಟ್ಟು ನೋಡಿ. ಕಾಯಲು ಆಗದಿದ್ದರೆ ಗೂಡಿನ ಸುತ್ತ ತೆಳುವಾಗಿ ಅಕ್ಕಿಹಿಟ್ಟು ಉದುರಿಸಿ ಹೋಗಿ. ಬಂದು ಹೋಗಿದ್ದರೆ ಹೆಜ್ಜೆ ಗುರುತು ಕಾಣುತ್ತದೆ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಭಯ ಬೇಡ. ಸಾಮಾನ್ಯವಾಗಿ ಸೇರಿಸುತ್ತಾಳೆ.

ಮರಿ ತಣ್ಣಗಿದ್ದರೆ, ನಿಲ್ಲಿಸದೆ ಅರಚುತ್ತಿದ್ದರೆ, ಮಳೆಯಲ್ಲಿ ನೆನೆಯುತ್ತಿದ್ದರೆ, ನಾಯಿ ಸುತ್ತಾಡುವ ಜಾಗವಾಗಿದ್ದರೆ, ಮೈಮೇಲೆ ನೊಣ ಕೂತಿದ್ದರೆ ಕಾಯಬೇಡಿ. ತಾಯಿ ಸತ್ತಿರುವುದು ಗೊತ್ತಿದ್ದರಂತೂ ಸರಿಯೇ.

ಈ ದಾರಿಯ ಕಷ್ಟ ಏನೆಂದರೆ ಆ ಬೆಕ್ಕಿನ ಜವಾಬ್ದಾರಿಯೂ ನಿಮ್ಮ ಮೇಲೆ ಬೀಳುತ್ತದೆ. ಹಾಲೂಡಿಸುವ ತಾಯಿಗೆ ದಿನಾ ಹೊಟ್ಟೆತುಂಬ ಊಟ ಇಡಬೇಕು. ಮರಿಗಳು ಹಾಲು ಬಿಟ್ಟ ಮೇಲೆ ಅದಕ್ಕೆ ಸಂತಾನಹರಣ ಆಪರೇಷನ್ ಮಾಡಿಸಬೇಕು. ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೊಂದು ಸೂಲು. ಇದನ್ನೆಲ್ಲ ಮಾಡದೆ ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟುಬರುವವರು ಈಗಲೂ ಇದ್ದಾರೆ. ಹಸಿವು, ನೀರಡಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಇಲ್ಲದಿದ್ದರೂ ಅದು ಮಾಡಬಾರದ ಕೆಲಸ.

ದಾರಿ ಎರಡು: ಇನ್ನೊಂದು ಬಾಣಂತಿ ಬೆಕ್ಕು

ಊರಲ್ಲಿ, ಕೇರಿಯಲ್ಲಿ ಅದೇ ಸಮಯಕ್ಕೆ ಮರಿ ಹಾಕಿದ ಸಾಕುಬೆಕ್ಕು ಇದೆಯಾ ಕೇಳಿ. ಹಾಲು, ಬಿಸುಪು, ನೆಕ್ಕಿ ಶುಚಿ ಮಾಡುವುದು ಎಲ್ಲವೂ ಒಟ್ಟಿಗೇ ಸಿಗುತ್ತದೆ. ಬೆಕ್ಕುಗಳು ಬೇರೆ ಮರಿಗಳನ್ನು ಸೇರಿಸಿಕೊಳ್ಳುವುದರಲ್ಲಿ ಉದಾರಿಗಳು. ಅದರ ಹಾಸಿಗೆಯ ಬಟ್ಟೆಯಿಂದ ಹೊಸ ಮರಿಯ ಮೈ ಒರೆಸಿ, ಅದರದೇ ಮರಿಗಳ ನಡುವೆ ಮೆಲ್ಲಗೆ ಇಡಿ. ಮೂಸಿ ನೆಕ್ಕಿದರೆ ಕೆಲಸ ಆಯಿತು. ಬುಸುಗುಟ್ಟಿದರೆ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿ. ಮೊದಲ ದಿನ ಕಣ್ಣು ತಪ್ಪಿಸಬೇಡಿ.

ಎರಡು ತೊಡಕು ಇವೆ. ಅದರ ಸ್ವಂತ ಮರಿಗಳು ಎರಡು ವಾರಕ್ಕಿಂತ ದೊಡ್ಡವಾಗಿದ್ದರೆ ಹೊಸ ಪುಟ್ಟ ಮರಿಯನ್ನು ತಳ್ಳಿಹಾಕುತ್ತವೆ. ಇನ್ನೊಂದು ರೋಗದ ಭಯ. ನಿಮ್ಮ ಮರಿಗೆ ಭೇದಿ ಇದ್ದರೆ, ಕಣ್ಣು ಮೂಗಿನಲ್ಲಿ ಕೀವು ಸುರಿಯುತ್ತಿದ್ದರೆ, ಮೈತುಂಬ ಚಿಗಟ ಇದ್ದರೆ ಆ ಮನೆಯ ಮರಿಗಳನ್ನೂ ಅಪಾಯಕ್ಕೆ ತಳ್ಳಿದ ಹಾಗೆ. ಅಂಥ ಮರಿಯನ್ನು ಅಲ್ಲಿಗೆ ಒಯ್ಯುವುದು ನ್ಯಾಯವಲ್ಲ. ಆರೋಗ್ಯವಾಗಿರುವ ಒಂದೆರಡು ಮರಿ ಮಾತ್ರ ಇದ್ದರೆ ನಾನು ಮೊದಲು ಹುಡುಕುವುದು ಈ ದಾರಿಯನ್ನೇ.

ದಾರಿ ಮೂರು: ನೀವೇ ಸಾಕುವುದು

ಇದರೊಳಗೆ ಮತ್ತೆ ಮೂರು ಆಯ್ಕೆಗಳಿವೆ. ಶಾಖಕ್ಕೆ ಏನು, ಯಾವ ಹಾಲು, ಯಾವುದರಲ್ಲಿ ಕುಡಿಸುವುದು.

ಶಾಖದ ವಿಷಯ ಮೊದಲು. ಹುಟ್ಟಿದ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಮೊದಲ ವಾರ ಅದರ ಮೈಶಾಖವೇ 35ರಿಂದ 36.5 ಡಿಗ್ರಿ ಸೆಲ್ಸಿಯಸ್. ಮಲಗುವ ಜಾಗ ಮೊದಲ ವಾರ 30ರಿಂದ 32 ಡಿಗ್ರಿ ಇರಬೇಕು, ಆಮೇಲೆ ವಾರ ವಾರ ಇಳಿಸುತ್ತಾ ನಾಲ್ಕನೇ ವಾರಕ್ಕೆ 25 ಡಿಗ್ರಿ ಆಸುಪಾಸಿಗೆ ತರಬಹುದು. ತಣ್ಣಗಾದ ಮರಿಗೆ ಹಾಲು ಹಾಕಲೇಬಾರದು. ಹೊಟ್ಟೆ ಕೆಲಸ ನಿಲ್ಲಿಸಿರುತ್ತದೆ, ಹಾಲು ಅಲ್ಲೇ ಕೊಳೆಯುತ್ತದೆ ಅಥವಾ ಶ್ವಾಸಕೋಶಕ್ಕೆ ಹೋಗುತ್ತದೆ. ಮೊದಲು ನಿಮ್ಮ ಮೈಗೆ ಒತ್ತಿ ಹಿಡಿದು, ಮೇಲೆ ಬಟ್ಟೆ ಹೊದ್ದು, ನಿಧಾನಕ್ಕೆ ಬೆಚ್ಚಗೆ ಮಾಡಿ. ಬಾಯೊಳಗೆ ಕಿರುಬೆರಳ ತುದಿ ಇಟ್ಟು ನೋಡಿ. ಬೆಚ್ಚಗೆ ಅನ್ನಿಸಿ, ಮರಿ ಬೆರಳು ಚೀಪಿದರೆ ಹಾಲಿಗೆ ಸಿದ್ಧ.

ಶಾಖಕ್ಕೆ ರಬ್ಬರಿನ ಬಿಸಿನೀರ ಚೀಲ ಅಗ್ಗ, ಕರೆಂಟ್ ಬೇಡ. ಆದರೆ ಎರಡು ಮೂರು ಗಂಟೆಗೆ ತಣ್ಣಗಾಗುತ್ತದೆ, ಆಮೇಲೆ ಅದೇ ಮರಿಯ ಶಾಖವನ್ನು ಎಳೆದುಕೊಳ್ಳುತ್ತದೆ. ಹೇಗೂ ಹಾಲಿಗೆ ಏಳುತ್ತೀರಲ್ಲ, ಆಗಲೇ ನೀರು ಬದಲಿಸಿದರೆ ಸರಿಹೋಗುತ್ತದೆ. ಹಳೆಯ ಕಾಲದ 40 ಅಥವಾ 60 ವ್ಯಾಟಿನ ಬಲ್ಬ್ ಒಳ್ಳೆಯ ಶಾಖ ಕೊಡುತ್ತದೆ, ಎಲ್‌ಇಡಿ ಕೊಡುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ನಂಬಿ ಬಲ್ಬ್ ಒಂದನ್ನೇ ಇಟ್ಟುಕೊಳ್ಳಬೇಡಿ. ಬೆನ್ನು ನೋವಿಗೆ ಬಳಸುವ ಹೀಟಿಂಗ್ ಪ್ಯಾಡ್ ಇದ್ದರೆ ಅತಿ ಕಡಿಮೆಯಲ್ಲಿಟ್ಟು, ಮೇಲೆ ಮಡಚಿದ ಬಟ್ಟೆ ಹಾಕಿ. ಯಾವುದನ್ನೇ ಇಟ್ಟರೂ ರಟ್ಟಿನ ಪೆಟ್ಟಿಗೆಯ ಅರ್ಧ ಭಾಗಕ್ಕೆ ಮಾತ್ರ ಇಡಿ. ಸೆಕೆ ಆದರೆ ಮರಿ ತೆವಳಿಕೊಂಡು ಆಚೆ ಹೋಗಲು ಜಾಗ ಬೇಕು.

ಈಗ ಹಾಲು. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ 100 ಮಿ.ಲೀ.ಗೆ 7 ಗ್ರಾಂ ಆಸುಪಾಸು ಇರುತ್ತದೆ. ಹಸುವಿನ ಹಾಲಿನಲ್ಲಿ ಅದರ ಅರ್ಧವೂ ಇಲ್ಲ, 3.3 ಗ್ರಾಂ. ಆಡಿನ ಹಾಲೂ ಹೆಚ್ಚುಕಡಿಮೆ ಅಷ್ಟೇ. ಎಮ್ಮೆ ಹಾಲಿನಲ್ಲಿ ಕೊಬ್ಬು ಚೆನ್ನಾಗಿದೆ, 7 ಗ್ರಾಂ ತನಕ, ಆದರೆ ಪ್ರೋಟೀನ್ 4 ಗ್ರಾಂ ಮಾತ್ರ. ಬೆಳೆಯುವ ಮರಿಗೆ ಬೇಕಾದಷ್ಟು ಪ್ರೋಟೀನ್ ಹಸುವಿನ ಹಾಲಿನಿಂದ ಕೊಡಲು ಹೋದರೆ ಹಾಲಿನ ಸಕ್ಕರೆ ಜಾಸ್ತಿಯಾಗಿ ಭೇದಿ ಹಿಡಿಯುತ್ತದೆ. ನೂರು ಗ್ರಾಮಿನ ಜೀವಕ್ಕೆ ಒಂದು ದಿನದ ಭೇದಿ ಸಾಕು. ಮನೆಯಲ್ಲಿ ಮಗುವಿಗೆ ಕೊಡುವ ಹಾಗೆ ನೀರು ಬೆರೆಸಿ ತೆಳ್ಳಗೆ ಮಾಡಿದರೆ ಇನ್ನೂ ಕೆಟ್ಟದ್ದು. ಹೊಟ್ಟೆ ತುಂಬಿದಂತೆ ಕಾಣುತ್ತದೆ, ತೂಕ ಏರುವುದಿಲ್ಲ.

ಮೆಡಿಕಲ್ ಶಾಪಿನಲ್ಲಿ ಸಿಗುವ ಮಕ್ಕಳ ಹಾಲಿನ ಪುಡಿ ಒಳ್ಳೆಯದಿರಬೇಕು ಅಂತ ಎಷ್ಟೋ ಜನ ದುಡ್ಡು ಕೊಟ್ಟು ತರುತ್ತಾರೆ. ಕಲಸಿದಾಗ ಅದರಲ್ಲಿ ಪ್ರೋಟೀನ್ 1.5 ಗ್ರಾಂ, ಹಾಲಿನ ಸಕ್ಕರೆ 7 ಗ್ರಾಂ. ಮನುಷ್ಯರ ಮಗುವಿಗೆ ಅದು ಸರಿ. ಬೆಕ್ಕಿನ ಮರಿಗೆ ಹಸುವಿನ ಹಾಲಿಗಿಂತಲೂ ಕಡೆ.

ಹಾಗಾಗಿ ದುಡ್ಡು ಹೊಂದಿಸಲು ಆಗುವುದಾದರೆ ಬೆಕ್ಕಿನ ಮರಿಗಳಿಗೆಂದೇ ಮಾಡಿದ ಪುಡಿ ತರಿಸಿ. ಕೆಎಂಆರ್, ರಾಯಲ್ ಕ್ಯಾನಿನ್ ಬೇಬಿಕ್ಯಾಟ್ ಮಿಲ್ಕ್ ಇಂಥವು ಪೆಟ್ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸಿಗುತ್ತವೆ. ಪ್ರೋಟೀನ್ ಜೊತೆಗೆ ಟಾರೀನ್ ಎಂಬ ಪೋಷಕಾಂಶ ಇರುತ್ತದೆ. ಇದರ ಕೊರತೆಯಾದರೆ ಬೆಕ್ಕುಗಳಿಗೆ ಮುಂದೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಕೆಎಂಆರ್ ಪುಡಿಯಾದರೆ ಅಳತೆಯಲ್ಲಿ ಒಂದು ಪಾಲು ಪುಡಿಗೆ ಎರಡು ಪಾಲು ಬೆಚ್ಚಗಿನ ನೀರು. ಬೇರೆ ಕಂಪನಿಯದಾದರೆ ಡಬ್ಬದ ಮೇಲಿನ ಅಳತೆಯನ್ನೇ ಪಾಲಿಸಿ, ಕೈಯಂದಾಜು ಬೇಡ. ಕಲಸಿದ್ದು ಫ್ರಿಜ್ಜಿನಲ್ಲಿ 24 ಗಂಟೆ ಮಾತ್ರ. ಬಾಟಲಿಯಲ್ಲಿ ಮಿಕ್ಕಿದ್ದನ್ನು ಚೆಲ್ಲಿ.

ಪುಡಿ ಬರಲು ಎರಡು ದಿನ ಹಿಡಿಯುತ್ತದೆ, ತಾಲೂಕು ಊರಿನಲ್ಲಿ ಸಿಗುತ್ತಿಲ್ಲ ಅಂದರೆ ಅಲ್ಲಿಯವರೆಗೆ ಆಡಿನ ಹಾಲು, ಕಾಯಿಸಿ ಆರಿಸಿದ್ದು, ನೀರು ಬೆರೆಸದೆ. ಆಡಿನ ಹಾಲೂ ಇಲ್ಲದಿದ್ದರೆ ಹಸುವಿನ ಗಟ್ಟಿ ಹಾಲನ್ನೇ ಸ್ವಲ್ಪ ಸ್ವಲ್ಪ, ಆ ರಾತ್ರಿಯ ಮಟ್ಟಿಗೆ. ಪೂರ್ತಿ ನಾಲ್ಕು ವಾರ ಅದರಲ್ಲೇ ದೂಡುತ್ತೇನೆ ಎನ್ನುವುದು ಕಣ್ಣು ಬಿಡದ ಮರಿಯ ವಿಷಯದಲ್ಲಿ ಬಹಳ ದೊಡ್ಡ ಅಪಾಯ. ಮೂರು ವಾರ ದಾಟಿದ ಮರಿಗಾದರೆ ಅಷ್ಟು ಭಯವಿಲ್ಲ, ಏಕೆಂದರೆ ಬೇಗ ಊಟಕ್ಕೆ ಹಾಕಬಹುದು.

ಕುಡಿಸುವುದಕ್ಕೆ ಹಿರಿಯರು ಕೈಹಾಕುವುದು ಒಳಲೆಗೆ, ಇಲ್ಲವೇ ಹತ್ತಿಯ ಬತ್ತಿಗೆ. ಒಳಲೆಯಲ್ಲಿ ಹಾಲು ಸುರಿಯುತ್ತದೆ, ಮರಿಗೆ ನುಂಗುವಷ್ಟು ಬಿಡುವು ಸಿಗದೆ ಮೂಗಿಗೆ ಏರುತ್ತದೆ. ಬತ್ತಿಯಲ್ಲಿ ಎಷ್ಟು ಹೋಯಿತು ಎಂಬ ಲೆಕ್ಕವೇ ಇರುವುದಿಲ್ಲ, ಎಳೆ ಒಳಗೆ ಹೋಗುವ ಭಯ ಬೇರೆ. ಮೊದಲ ವಾರಕ್ಕೆ ಸೂಜಿ ತೆಗೆದ 1 ಅಥವಾ 2 ಮಿ.ಲೀ. ಸಿರಿಂಜ್ ನನಗೆ ಇಷ್ಟ. ಹತ್ತು ರೂಪಾಯಿ ಆಚೀಚೆ, ಅಳತೆ ಕಣ್ಣಿಗೆ ಕಾಣುತ್ತದೆ. ಆದರೆ ಒತ್ತುವ ಕೈಗೆ ತಾಳ್ಮೆ ಬೇಕು, ತೊಟ್ಟು ತೊಟ್ಟಾಗಿ. ತುದಿಗೆ ಸಿಕ್ಕಿಸುವ ಪುಟ್ಟ ಸಿಲಿಕಾನ್ ನಿಪ್ಪಲ್ ಸಿಕ್ಕರೆ ಮರಿ ತಾನೇ ಎಳೆದುಕೊಳ್ಳುತ್ತದೆ. ಎರಡನೇ ವಾರದಿಂದ ಪೆಟ್ ಬಾಟಲಿ ಸಲೀಸು. ಅದರ ನಿಪ್ಪಲಿಗೆ ಹೆಚ್ಚಾಗಿ ತೂತು ಇರುವುದಿಲ್ಲ, ಕಾದ ಸೂಜಿಯಿಂದ ಮಾಡಿಕೊಳ್ಳಬೇಕು. ತಲೆಕೆಳಗೆ ಹಿಡಿದರೆ ನಿಧಾನಕ್ಕೆ ತೊಟ್ಟಿಕ್ಕಬೇಕು, ಧಾರೆಯಾಗಿ ಬಂದರೆ ತೂತು ದೊಡ್ಡದಾಯಿತು.

ಎಂಥದರಲ್ಲೇ ಕುಡಿಸಿ, ಮರಿ ಹೊಟ್ಟೆಯ ಮೇಲೆ ಮಲಗಿರಬೇಕು, ತಾಯಿಯ ಹತ್ತಿರ ಮಲಗುವ ಹಾಗೆಯೇ. ಮಗುವಿನಂತೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. 100 ಗ್ರಾಂ ಮರಿಯ ಹೊಟ್ಟೆ ಹಿಡಿಯುವುದೇ ಸಲಕ್ಕೆ 4 ಮಿ.ಲೀ. ಆಸುಪಾಸು. ಮೂಗಿನಿಂದ ಹಾಲು ಬಂದರೆ ಕೂಡಲೇ ನಿಲ್ಲಿಸಿ, ತಲೆ ಸ್ವಲ್ಪ ಕೆಳಗೆ ಮಾಡಿ ಒರೆಸಿ. ಕುಡಿಸಿದ ಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಬಾಲದ ಕೆಳಗೆ ಮೆತ್ತಗೆ ಉಜ್ಜಿ. ಮೂರು ವಾರದ ತನಕ ಉಚ್ಚೆ, ಕಕ್ಕ ತಾನಾಗಿ ಬರುವುದಿಲ್ಲ, ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು.

ಒಂದು ಸಾಮಾನಿಗೆ ಮಾತ್ರ ಕಂಜೂಸಿ ಮಾಡಬೇಡಿ: ಒಂದು ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆಮನೆ ತಕ್ಕಡಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಸ್ಟೀಲ್ ಬಟ್ಟಲಿಗೆ ಬಟ್ಟೆ ಹಾಸಿ, ಸೊನ್ನೆಗೆ ತಂದು, ದಿನಾ ಅದೇ ಹೊತ್ತಿಗೆ ಮರಿಯನ್ನು ಇಟ್ಟು ಬರೆದಿಡಿ. 112, 121, 133 ಹೀಗೆ ಏರುತ್ತಿದ್ದರೆ ನಿಮ್ಮ ಹಾಲು, ಶಾಖ ಎರಡೂ ಸರಿ. ಒಂದು ದಿನ ಏರದೆ ನಿಂತರೆ ಎಚ್ಚರ, ಇಳಿದರೆ ಅವತ್ತೇ ಡಾಕ್ಟರು. ಮರಿ ಸಪ್ಪಗಾಗುವುದು ಕಣ್ಣಿಗೆ ಕಾಣುವ ಮುಂಚೆ ತಕ್ಕಡಿಯಲ್ಲಿ ಕಾಣುತ್ತದೆ.

ದಾರಿ ನಾಲ್ಕು: ಅನುಭವ ಇರುವವರ ಕೈಗೆ

ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಅನಿಮಲ್ ಕೇರ್ ಟ್ರಸ್ಟ್ ಇಂಥ ಪ್ರಾಣಿದಯಾ ಸಂಸ್ಥೆಗಳಿವೆ. ಬಿಡಿಯಾಗಿ ಮರಿ ಸಾಕುವವರೂ ಇದ್ದಾರೆ. ಇದನ್ನು ಆರಿಸಿಕೊಂಡರೆ ನಾಚಿಕೆ ಪಡಬೇಕಾದ್ದು ಏನೂ ಇಲ್ಲ. ಆದರೆ ಫೋನ್ ಮಾಡದೆ ಬಾಗಿಲಲ್ಲಿ ಪೆಟ್ಟಿಗೆ ಇಟ್ಟು ಬರಬೇಡಿ. ಎರಡು ಗಂಟೆಗೊಮ್ಮೆ ಹಾಲು ಕುಡಿಸಬೇಕಾದ ಮರಿಗೆ ಒಬ್ಬ ಮನುಷ್ಯ ಪೂರ್ತಿ ಬೇಕು. ತುಂಬಾ ಪ್ರಾಣಿಗಳಿರುವ ಕಡೆ ಅದು ಕಷ್ಟ, ಸೋಂಕಿನ ಭಯವೂ ಜಾಸ್ತಿ. "ಎರಡು ವಾರ ನೀವು ನೋಡಿಕೊಳ್ಳಿ, ಮೂರನೇ ವಾರದಿಂದ ನಾನು ಸಾಕುತ್ತೇನೆ, ಪುಡಿಯ ಖರ್ಚು ನನ್ನದು" ಎಂದು ಕೇಳಿ ನೋಡಿ. ಒಪ್ಪುವವರು ಸಿಗುತ್ತಾರೆ.

ಯಾರಿಗೆ ಯಾವುದು

ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೋಗಿ ರಾತ್ರಿ ಬರುವ ಫ್ಲ್ಯಾಟಿನಲ್ಲಿ ಒಂದು ವಾರದ ಮರಿ ಸಾಕಲು ಆಗುವುದಿಲ್ಲ. ಹಗಲು ನೋಡಿಕೊಳ್ಳುವ ಪಕ್ಕದ ಮನೆಯ ಅಜ್ಜಿಯೋ, ಮನೆಯಿಂದಲೇ ಕೆಲಸ ಮಾಡುವ ಗೆಳತಿಯೋ ಸಿಕ್ಕರೆ ಪಾಳಿ ಹಾಕಿಕೊಳ್ಳಿ. ಇಲ್ಲದಿದ್ದರೆ ಅವತ್ತೇ ನಾಲ್ಕನೇ ದಾರಿ. ಅದೇ ಮನೆಗೆ ಮೂರೂವರೆ ವಾರದ ಮರಿ ಬಂದರೆ ಧೈರ್ಯವಾಗಿ ಇಟ್ಟುಕೊಳ್ಳಬಹುದು, ಮಧ್ಯಾಹ್ನ ಒಬ್ಬರು ಬಂದು ಹೋದರೆ ಸಾಕು.

ಹಾಸ್ಟೆಲ್, ಪಿಜಿಯಲ್ಲಿ ಇರುವ ಹುಡುಗ ಹುಡುಗಿಯರು ಮೊದಲ ದಿನ ಶಾಖ ಕೊಟ್ಟು ಜೀವ ಹಿಡಿದಿಟ್ಟರೆ ಅದೇ ದೊಡ್ಡ ಉಪಕಾರ. ಮುಂದಿನದಕ್ಕೆ ಮನೆ ಇರುವವರನ್ನು ಹುಡುಕಿ.

ಹಳ್ಳಿ ಮನೆಯಲ್ಲಿ ಜನ ಇರುತ್ತಾರೆ, ಪುಡಿ, ಡಾಕ್ಟರು ದೂರ. ಅಲ್ಲಿ ಬಾಣಂತಿ ಬೆಕ್ಕು ಸಿಗುವ ಸಾಧ್ಯತೆಯೇ ಜಾಸ್ತಿ, ಮೊದಲು ಅದನ್ನು ಕೇಳಿ. ಅದಿಲ್ಲದಿದ್ದರೆ ಪೇಟೆಗೆ ಹೋಗುವವರ ಕೈಯಲ್ಲಿ ಪುಡಿ ತರಿಸಿ, ಅಲ್ಲಿಯವರೆಗೆ ಆಡಿನ ಹಾಲು. ದುಡ್ಡು ಬಿಗಿ ಇರುವವರಿಗೂ ನಾನು ಹೇಳುವುದು ಇದನ್ನೇ: ಮೊದಲ ಎರಡು ವಾರಕ್ಕಾದರೂ ಪುಡಿ, ಬೇರೆ ಕಡೆ ಉಳಿಸಿ. ಹಾಸಿಗೆ, ಪೆಟ್ಟಿಗೆ, ಆಟಿಕೆಗೆ ಒಂದು ಪೈಸೆಯೂ ಬೇಡ.

ಒಂದೇ ಮರಿ ಇಟ್ಟುಕೊಳ್ಳಲಾ, ಎರಡಾ ಎಂದರೆ ಎರಡು. ಒಂಟಿಯಾಗಿ ಮನುಷ್ಯರ ಕೈಯಲ್ಲೇ ಬೆಳೆದ ಮರಿಗೆ ಕಚ್ಚುವುದು, ಪರಚುವುದು ಎಷ್ಟು ಜೋರಾಗಬಾರದು ಎಂದು ಕಲಿಸುವವರೇ ಇರುವುದಿಲ್ಲ. ಎರಡಿದ್ದರೆ ಒಂದಕ್ಕೊಂದು ಬಿಸುಪೂ ಆಗುತ್ತದೆ.

ಸಸ್ಯಾಹಾರಿ ಮನೆಯವರು ಮುಂದಿನದನ್ನು ಈಗಲೇ ಮಾತಾಡಿಕೊಳ್ಳಿ. ನಾಲ್ಕನೇ ವಾರ ಹಲ್ಲು ಬಂದ ಮೇಲೆ ಮರಿಗೆ ಮಾಂಸದ ಊಟ ಬೇಕು. ಹಾಲನ್ನ, ಮೊಸರನ್ನದಲ್ಲಿ ಅದಕ್ಕೆ ಬೇಕಾದ ಟಾರೀನ್ ಸಿಗುವುದಿಲ್ಲ. ಮನೆಯಲ್ಲಿ ಕೋಳಿ ಬೇಯಿಸಲು ಆಗದಿದ್ದರೆ ಕಿಟನ್‌ಗಳ ಪ್ಯಾಕೆಟ್ ಆಹಾರವನ್ನು ಬೆಚ್ಚಗಿನ ಪುಡಿಹಾಲಿನಲ್ಲಿ ನೆನೆಸಿ, ಗಂಜಿಯಂತೆ ಮಾಡಿ ಚಪ್ಪಟೆ ತಟ್ಟೆಯಲ್ಲಿಡಿ. ಅದನ್ನೂ ಮನೆಯೊಳಗೆ ತರಲು ಒಪ್ಪದವರು ಒಂದು ತಿಂಗಳು ಹಾಲು ಕುಡಿಸಿ ಸಾಕಿ, ಆಮೇಲೆ ಮಾಂಸ ಕೊಡುವ ಮನೆಗೆ ದತ್ತು ಕೊಡುವುದು ಒಳ್ಳೆಯದು. ಆ ಮನೆಯನ್ನು ಮೊದಲ ವಾರದಿಂದಲೇ ಹುಡುಕಲು ಶುರುಮಾಡಿ.

ಯಾವ ದಾರಿ ಹಿಡಿದರೂ ಒಮ್ಮೆ ಪಶುವೈದ್ಯರಿಗೆ ತೋರಿಸಿ. ಎರಡು ಮೂರು ವಾರಕ್ಕೆ ಜಂತುಹುಳುವಿನ ಔಷಧಿ, ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ಚಿಗಟಕ್ಕೆ ನಾಯಿಗೆ ಹಾಕುವ ಪುಡಿಯನ್ನು ಮಾತ್ರ ಮುಟ್ಟಬೇಡಿ. ಅಂಥ ಹಲವು ಪುಡಿಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಅದು ಬೆಕ್ಕಿಗೆ ವಿಷ. ಸಣ್ಣ ಹಲ್ಲಿನ ಹೇನು ಬಾಚಣಿಗೆಯಿಂದ ಬಾಚಿ, ಹಿಡಿದ ಚಿಗಟವನ್ನು ಸೋಪು ನೀರಿಗೆ ಹಾಕಿ. ಒಸಡು ಬೆಳ್ಳಗಾಗಿದ್ದರೆ ಚಿಗಟ ರಕ್ತ ಹೀರಿ ಮುಗಿಸಿದೆ ಎಂದರ್ಥ, ಅವತ್ತು ಬಾಚುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಒಯ್ಯಿರಿ.